ಡಯಟ್ ಮಾಡಿ ಕೂದ್ಲ ಉದರಾಕತ್ತಾವಾ? ಎಣ್ಣಿ ಬಾಟ್ಲಿ ಕೆಳಗಿಡ್ರಿ, ಮೊದ್ಲ ಕ್ಯಾಲೆಂಡರ್ ತಗೀರಿ

ನಮ್ಮ ಓಣಿಗೆ ವಾರಕ್ಕೊಮ್ಮಿ "ಕೂದ್ಲ ಕೊಡ್ರೀ, ಪಾತ್ರಿ ತಗೊಳ್ರೀ" ಅಂತ ಕೂಗ್ಕೋಂತ ಒಬ್ಬಾಕಿ ಬರ್ತಾಳ, ಕೊಪ್ಪಳದವರಿಗೆ ಇದೇನ್ ಹೊಸದಲ್ಲ ಬಿಡ್ರಿ, ಪಕ್ಕದ ಭಾಗ್ಯನಗರದಾಗ ಕೂದ್ಲ ವ್ಯಾಪಾರನ ದೊಡ್ಡ ಉದ್ಯೋಗ, ಬಾಚಣಿಕಿಗೆ ಸಿಕ್ಕಿದ್ದೂ ಇಲ್ಲಿ ರೊಕ್ಕ ಆಗ್ತೈತಿ. ಹೋದ ವರ್ಷ ಶಿವರಾತ್ರಿ ಮುಂದ ನಾನು ಕೂಡಿಟ್ಟ ಕವರ್ ಕೊಟ್ಟಾಗ ಆಕಿ ಕೈಯಾಗ ತೂಗಿ ನೋಡಿ "ಮನ್ಯಾಗ ಎಷ್ಟ್ ಮಂದಿ ಹೆಣ್ಮಕ್ಳ ಅದೀರಿ ಅಕ್ಕಾರ?" ಅಂದ್ಲು. ಇರೋದು ನಾನೊಬ್ಬಾಕಿ.

ದೀಪಾವಳಿ ಮುಗಿಸಿ ಡಯಟ್ ಸುರು ಮಾಡಿದ್ದೆ. ಮುಂಜಾನಿ ಬಿಸಿನೀರು ಲಿಂಬಿಹಣ್ಣು, ಮಧ್ಯಾಹ್ನ ಒಂದು ಬಟ್ಲ ಸವತಿಕಾಯಿ, ರಾತ್ರಿ ಒಂದು ಸೇಬು, ಮುಗೀತು. ಗವಿಮಠದ ಜಾತ್ರಿ ಹೊತ್ತಿಗೆ 13 ಕೆಜಿ ಇಳಿದಿತ್ತು, ಆ ವರ್ಷ ದಾಸೋಹದ ರೊಟ್ಟಿನೂ ಮುಟ್ಟಲಿಲ್ಲ, ಕಂಡವರೆಲ್ಲಾ ಭಾಳ ಚಂದ ಆಗೀರಿ ಅಂದ್ರು. ಆಮೇಲೆ ಬಚ್ಚಲ ಜಾಳಗಿ ಕಟ್ಟಾಕ ಸುರುವಾತು.

ಅದಕ್ಕ ಮೊದಲ್ನೇ ಕೆಲಸ ಕ್ಯಾಲೆಂಡರ್ ಹಿಡಿದು ಎರಡು-ಮೂರು ತಿಂಗ್ಳ ಹಿಂದಕ್ಕ ಹೋಗ್ರಿ. ಇವತ್ತು ಉದುರಿದ ಕೂದ್ಲ ನಿನ್ನೆ ಹಚ್ಚಿದ ಶಾಂಪೂದಿಂದ ಉದುರಿದ್ದಲ್ಲ. ತಲ್ಯಾಗ 100 ಕೂದ್ಲ ಇದ್ರ 85-90 ಬೆಳೀತಿರ್ತಾವು, ಉಳಿದವು ರೆಸ್ಟ್ ಮಾಡ್ತಿರ್ತಾವು. ಒಮ್ಮೆಲೆ ಊಟ ಕಡಿಮಿ ಮಾಡಿದ್ರ ಬೆಳಿಯೋ ಕೂದ್ಲೂ ಗುಂಪ್ ಗುಂಪಾಗಿ ರೆಸ್ಟಿಗೆ ಹೋಗಿಬಿಡ್ತಾವು, ಅಲ್ಲೇ ಎರಡು-ಮೂರು ತಿಂಗ್ಳ ಇದ್ದು ಆಮೇಲೆ ಎಲ್ಲಾ ಕೂಡೇ ಉದರ್ತಾವು. ಡಾಕ್ಟರ್ ಭಾಷಾದಾಗ ಟೆಲೋಜನ್ ಎಫ್ಲುವಿಯಂ. ನಮ್ಮ ಭಾಷಾದಾಗ ಹೇಳ್ಬೇಕಂದ್ರ ತುಂಗಭದ್ರಾ ಡ್ಯಾಂನಾಗ ನೀರು ಕಡಿಮಿ ಆದ್ರ ಎಡದಂಡೆ ಕಾಲುವಿ ಮ್ಯಾಲಿನವರ ಗದ್ದಿಗೆ ನೀರು ಹೆಂಗೋ ಮುಟ್ತೈತಿ, ಮಾನ್ವಿ, ರಾಯಚೂರು ಕಡೆ ಕಾಲುವಿ ಕೊನಿಗಿರೋ ಟೇಲ್ ಎಂಡ್‌ನವರು ಒಣಗ್ತಾರ. ಮೈಯಾಗ ಹೃದಯ, ಮೆದುಳು ಮ್ಯಾಲಿನ ಗದ್ದಿ, ಕೂದ್ಲ ಟೇಲ್ ಎಂಡು. ಡೆಂಗಿ, ಟೈಫಾಯ್ಡ್ ಬಂದ್ಹೋದ ಮ್ಯಾಲೆ, ಹೆರಿಗಿ ಆದ ಮ್ಯಾಲೆ ಉದುರೋದೂ ಹಿಂಗ, ಅದಕ್ಕ ಎಲ್ಲಾನೂ ಡಯಟ್ ತಲಿಗೆ ಕಟ್ಟಬ್ಯಾಡ್ರಿ.

ಆಮೇಲೆ ಉದುರಿದ ಕೂದ್ಲ ಒಂದು ತಗೊಂಡು ಬೆಳಕಿಗೆ ಹಿಡೀರಿ. ತುದಿಗೆ ಸಾಸಿವಿಗಿಂತ ಸಣ್ಣ ಬಿಳಿ ಗಂಟು ಕಾಣತೈತಿ. ಬೇರು ಸಮೇತ ಕಿತ್ತು ಬಂತು ಅಂತ ನಾನೂ ಅತ್ತಿದ್ದೆ, ಆದ್ರ ಅದು ಬೇರಲ್ಲ, ರೆಸ್ಟ್ ಮುಗಿಸಿದ ಕೂದ್ಲಿನ ಗುರುತು, ಹುಟ್ಟೋ ಜಾಗ ಚರ್ಮದೊಳಗ ಹಂಗ ಇರ್ತೈತಿ. ದಿನಕ್ಕ 50ರಿಂದ 100 ಉದುರೋದು ಎಲ್ಲಾರಿಗೂ ಇದ್ದದ್ದ. ತಲಿ ತೊಳೆದು ಒಂದು ದಿನ ಬಿಟ್ಟು 50-60 ಕೂದ್ಲ ಬೆರಳಾಗ ಹಿಡಿದು ಮೆಲ್ಲಕ ಎಳೀರಿ, ಆರಕ್ಕಿಂತ ಹೆಚ್ಚು ಕೈಗೆ ಬಂದ್ರ ಉದುರೋದು ಇನ್ನೂ ನಡದೈತಿ ಅಂತ. ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿದ್ರ, ಬೈತಲಿ ಅಗಲ ಆಗ್ಕೋಂತ ಹೊಂಟಿದ್ರ, ತುರಿಕಿ ಇದ್ರ ಇದೆಲ್ಲಾ ಓದ್ಕೋಂತ ಕೂಡಬ್ಯಾಡ್ರಿ, ಚರ್ಮದ ಡಾಕ್ಟರ್ ಹತ್ರ ಹೋಗ್ರಿ, ಅದು ಬ್ಯಾರೆ ಕಥಿ.

ತೂಕ ಇಳಿಸೋದು ಬಿಡ್ಬೇಕಾ? ಬ್ಯಾಡ. ಸ್ಪೀಡ್ ಬಿಡ್ರಿ. ವಾರಕ್ಕ ಅರ್ಧದಿಂದ ಒಂದು ಕೆಜಿ ಸಾಕು.

ಈಗ ತಾಟಿಗೆ ಬರೋಣು, ಅಸಲಿ ಕೆಲಸ ಇಲ್ಲೇ. ಕೂದ್ಲ ಅಂದ್ರ ಬಹುತೇಕ ಕೆರಾಟಿನ್ ಅನ್ನೋ ಪ್ರೋಟೀನ್, ಮತ್ತ ನಮ್ಮ ಡಯಟ್‌ನಾಗ ಮೊದ್ಲ ಹೋಗೋದೂ ಅದ. 60 ಕೆಜಿ ಇದ್ದವರು ದಿನಕ್ಕ 60 ಗ್ರಾಂ ಹತ್ರ ತಿನ್ಬೇಕು ಅಂತ ಲೆಕ್ಕ ಇಟ್ಕೊಳ್ರಿ (ಕಿಡ್ನಿ ತೊಂದ್ರಿ ಇದ್ದವರು ಡಾಕ್ಟರ್‌ನ ಕೇಳದ ಮಾಡಬ್ಯಾಡ್ರಿ). ಡಬ್ಬಿಯ ಪುಡಿ ಏನೂ ಬೇಕಾಗಿಲ್ಲ. ಎರಡು ಜ್ವಾಳದ ರೊಟ್ಟಿಗೆ 10 ಗ್ರಾಂ, ಒಂದು ಬಟ್ಲ ಮಡಿಕಿಕಾಳ ಪಲ್ಯಕ್ಕ 11-12, ಎರಡು ತತ್ತಿಗೆ 12, ಒಂದು ಹಿಡಿ ಶೇಂಗಾಕ್ಕ 7, ಬಟ್ಲ ಮೊಸರಿಗೆ 6, ಗ್ಲಾಸ್ ಹಾಲಿಗೆ 6, ಗಟ್ಟಿ ಬ್ಯಾಳಿ ಒಂದು ಬಟ್ಲ ಹಾಕ್ಕೊಂಡ್ರ ಮತ್ತ 6-7, ಕೂಡಿಸಿ ನೋಡ್ರಿ ಆತು. ತತ್ತಿ ತಿನ್ನದವರು ಕಡ್ಲಿಹಿಟ್ಟಿನ ಝುಣಕಾ ಮಾಡ್ಕೊಳ್ರಿ, ಎಣ್ಣಿ ಕೈ ಹಿಡಿದು ಹಾಕ್ರಿ. ಗಂಗಾವತಿ, ಸಿಂಧನೂರ ಕಡೆಯವರಿಗೆ ಅನ್ನ ಬಿಡೋದು ಕಷ್ಟ ಅಂತ ಗೊತ್ತೈತಿ, ಬಿಡಬ್ಯಾಡ್ರಿ, ಅನ್ನ ಅರ್ಧ ಮಾಡಿ ಕಾಳು ಡಬಲ್ ಮಾಡ್ರಿ. ಸಂಜಿಮುಂದ ಒಗ್ಗರಣಿ ಮಿರ್ಚಿ ವಾರಕ್ಕ ಒಂದ್ಸಲ ತಿಂದ್ರ ಏನೂ ಆಗಂಗಿಲ್ಲ, ದಿನಾ ಉಪವಾಸ ಮಾಡಿ ಐತವಾರ ಎಂಟು ಮಿರ್ಚಿ ತಿನ್ನೋದು ಕೆಟ್ಟದ್ದು, ನಾ ಮಾಡಿ ನೋಡೀನಿ.

ರಕ್ತ ಚೆಕ್ ಮಾಡಿಸ್ರಿ. ಬರೀ ಹಿಮೋಗ್ಲೋಬಿನ್ ನೋಡಿ ಎಲ್ಲಾ ನಾರ್ಮಲ್ ಅಂತ ಮನೀಗೆ ಬರಬ್ಯಾಡ್ರಿ, ಫೆರಿಟಿನ್ ಅಂತ ಐತಿ, ಮೈಯಾಗ ಕೂಡಿಟ್ಟ ಕಬ್ಬಿಣದ ಲೆಕ್ಕ ಅದು, ಹಿಮೋಗ್ಲೋಬಿನ್ ಚಲೋ ಇದ್ರೂ ಫೆರಿಟಿನ್ ತಳ ಕಂಡಿರ್ತೈತಿ. ನನ್ನದೂ ಹಂಗ ಆಗಿತ್ತು. ಜೊತಿಗೆ ಥೈರಾಯ್ಡ್, ಬಿ12, ವಿಟಮಿನ್ ಡಿ. ಊಟ ಆದ ಕೂಡ್ಲೇ ಚಾ ಕುಡಿಯೋ ಚಟ ಇದ್ರ ಒಂದು ತಾಸು ಮುಂದಕ್ಕ ಹಾಕ್ರಿ, ಚಾ ಕಬ್ಬಿಣ ಮೈಗೆ ಹತ್ತಾಕ ಬಿಡಂಗಿಲ್ಲ, ಕಾಳು ಸೊಪ್ಪಿನ ಮ್ಯಾಲೆ ಲಿಂಬಿಹಣ್ಣು ಹಿಂಡಿದ್ರ ಹತ್ತತೈತಿ. ಕಬ್ಬಿಣದ ಗುಳಿಗಿ ರಿಪೋರ್ಟ್ ನೋಡಿ ಡಾಕ್ಟರ್ ಕೊಟ್ರಷ್ಟ ತಗೊಳ್ರಿ.

ಮೆಡಿಕಲ್ ಶಾಪ್‌ನಾಗ ಕೂದ್ಲ ಅಂದ ಕೂಡ್ಲೇ ಕೊಡೋದು ಬಯೋಟಿನ್ ಅನ್ನೋ ವಿಟಮಿನ್ ಗುಳಿಗಿ. ಅದರ ಕೊರತಿ ಭಾಳ ಕಡಿಮಿ ಮಂದಿಗೆ ಇರ್ತೈತಿ, ಮ್ಯಾಲೆ ಹೆಚ್ಚು ಡೋಸ್ ತಗೊಂಡ್ರ ಥೈರಾಯ್ಡ್ ಟೆಸ್ಟಿನ ರಿಪೋರ್ಟ್ ತಪ್ಪಾಗಿ ಬರಬಹುದು, ತಗೋತಿದ್ರ ಟೆಸ್ಟಿಗಿಂತ ಮೊದ್ಲ ಡಾಕ್ಟರ್‌ಗೆ ಹೇಳ್ರಿ. ವಿಟಮಿನ್ ಎ, ಸೆಲೆನಿಯಂ ಅತಿ ಆದ್ರ ಅವ ಕೂದ್ಲ ಉದುರಿಸ್ತಾವು, ಇದ್ದ ಬೆಂಕಿಗೆ ಎಣ್ಣಿ. ಬೋರ್‌ವೆಲ್ ಗಡುಸು ನೀರಿಗೆ ಕೂದ್ಲ ಒರಟಾಗ್ತಾವು ಖರೆ, ಆದ್ರ ಈ ಥರ ಬುಡದಿಂದ ಉದುರೋದು ನೀರಿಂದಲ್ಲ. ಬೋಳಿಸಿದ್ರ ದಪ್ಪ ಬರ್ತಾವು ಅನ್ನೋರು ಪ್ರತಿ ಓಣ್ಯಾಗೂ ಇರ್ತಾರ, ಬರಂಗಿಲ್ಲ.

ಇನ್ನ ಕಾಯೋದು. ಊಟ ಸರಿ ಮಾಡಿದ ಮರುದಿನಾನ ನಿಲ್ಲಂಗಿಲ್ಲ, ರೆಸ್ಟಿಗೆ ಹೋದವು ಉದುರೋದ. ಸಾಮಾನ್ಯ ಮೂರರಿಂದ ಆರು ತಿಂಗ್ಳದಾಗ ಕಡಿಮಿ ಆಗ್ತೈತಿ, ಕೂದ್ಲ ಬೆಳಿಯೋದು ತಿಂಗಳಿಗೆ ಒಂದು ಸೆಂಟಿಮೀಟರ್ ಅಷ್ಟ, ಜಡಿ ತುಂಬಾಕ ವರ್ಷದ ಮ್ಯಾಲೆ ಬೇಕು. ದಿನಾ ಕನ್ನಡಿ ನೋಡಿದ್ರ ಹುಚ್ಚು ಹಿಡಿತೈತಿ, ತಿಂಗಳಿಗೊಮ್ಮೆ ಅದ ಕಿಡಕಿ ಹತ್ರ ಬೈತಲಿ ಫೋಟೋ ತಗೊಂಡು ಇಡ್ರಿ. ಆರು ತಿಂಗ್ಳಾದ್ರೂ ನಿಲ್ಲಲಿಲ್ಲಂದ್ರ ಡಾಕ್ಟರ್.

ಮೊನ್ನೆ ಆಕಿ ಮತ್ತ ಬಂದಿದ್ಲು. ನನ್ನ ಕವರ್ ಎತ್ತಿ ನೋಡಿ "ಇಷ್ಟಕ್ಕ ಪಾತ್ರಿ ಬರಂಗಿಲ್ರೀ ಅಕ್ಕಾರ, ಎರಡು ಪಿನ್ ತಗೊಳ್ರಿ" ಅಂದ್ಲು. ತಗೊಂಡೆ, ಹಣಿ ಮ್ಯಾಲೆ ಸೆಟೆದು ನಿಂತ ಗಿಡ್ಡ ಕೂದ್ಲಿಗೆ ಬೇಕಾಗಿದ್ವು.