ಸಂಪಾತಿಗೆ ಮರದ ರೆಕ್ಕೆ ಕಟ್ಟಿದ್ದು

ರಾವಣನಿಗೆ ಅಡ್ಡ ಬಂದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದಿದ್ದು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಂತ ನಮ್ಮ ಕಡೆಯ ನಂಬಿಕೆ. ಅದೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಪಕ್ಕದ ಚಳ್ಳಕೆರೆ ತಾಲ್ಲೂಕಿಗೆ ಬಂದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ವೈಮಾನಿಕ ಪರೀಕ್ಷಾ ನೆಲೆ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯುಳ್ಳ ನೌಕೆಯನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಅಲ್ಲಿಂದ ಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ನೌಕೆ ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಮತ್ತೆರಡು ಸಲ ಅದೇ ಪರೀಕ್ಷೆ ನಡೆಯಿತು. ಆಗ ನೌಕೆಯ ಹೆಸರು ಪುಷ್ಪಕ್.

ಹಕ್ಕಿ ಬಿದ್ದ ಬೆಟ್ಟ, ಪುಷ್ಪಕ್ ಇಳಿದ ಬಯಲು, ಎರಡೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇವೆ. ಹಾರುವ ಆಸೆಯ ಬಗ್ಗೆ ಬಯಲಲ್ಲಿ ನಿಲ್ಲುವಂಥ ದೊಡ್ಡ ಮರದ ಶಿಲ್ಪ ಮಾಡಬೇಕು ಅನ್ನೋ ಯೋಚನೆ ನನಗೆ ಬಹಳ ವರ್ಷದಿಂದ ಇತ್ತು. ಚಳ್ಳಕೆರೆ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯವರು ಜಾಗ ಕೊಡುತ್ತೇವೆ ಅಂದರು. ಕೆಲಸ ಶುರುವಾಯಿತು.

ಎಲ್ಲರೂ ಜಟಾಯು ಮಾಡು ಅಂದರು. ನನ್ನ ಮನಸ್ಸು ಅವನ ಅಣ್ಣ ಸಂಪಾತಿಯ ಕಡೆ ಹೋಯಿತು. ಅಣ್ಣತಮ್ಮ ಇಬ್ಬರೂ ಪಂಥ ಕಟ್ಟಿ ಸೂರ್ಯನ ಕಡೆ ಹಾರಿದವರು. ನಡುಹಗಲಲ್ಲಿ ತಮ್ಮ ಬಿಸಿಲಿಗೆ ಸೋತ. ಅಣ್ಣ ಮೇಲೆ ಬಂದು ತನ್ನ ರೆಕ್ಕೆ ಬಿಚ್ಚಿ ನೆರಳು ಹಿಡಿದ. ಅಣ್ಣನ ರೆಕ್ಕೆ ಸುಟ್ಟಿತು, ತಮ್ಮ ಉಳಿದ. ಮುಂದೆ ಸೀತೆಯನ್ನು ಹುಡುಕಿ ಬಂದ ವಾನರರಿಗೆ ದಾರಿ ಹೇಳಿದ್ದೂ ಈ ಸಂಪಾತಿಯೇ. ಹೇಳುತ್ತಿದ್ದ ಹಾಗೇ ಅವನಿಗೆ ಹೊಸ ಗರಿ ಮೂಡಿತು ಅನ್ನುತ್ತದೆ ರಾಮಾಯಣ. ಹಾರುವ ಆಸೆ, ಅದಕ್ಕೆ ತೆತ್ತ ಬೆಲೆ, ಒಡಹುಟ್ಟಿದವನ ಮೇಲಿನ ಅಕ್ಕರೆ, ಮೂರೂ ಒಂದೇ ಕಥೆಯಲ್ಲಿ ಸಿಗುವುದು ಅಪರೂಪ ಅಲ್ವಾ? ಜೊತೆಗೆ ಬಡಗಿ ಕೆಲಸದ ಲೆಕ್ಕಕ್ಕೂ ಈ ಕಥೆ ಒಗ್ಗಿತು. ಬಯಲಲ್ಲಿ ನಿಂತ ಮರಕ್ಕೆ ದೊಡ್ಡ ಶತ್ರು ಬಿಸಿಲು. ಮೇಲಿನ ರೆಕ್ಕೆ ಬಿಸಿಲು ಮಳೆ ತಡೆದರೆ ಕೆಳಗಿನ ಹಕ್ಕಿ ಬಹುಕಾಲ ಬಾಳುತ್ತದೆ. ಸಂಪಾತಿ ಆಕಾಶದಲ್ಲಿ ಮಾಡಿದ್ದನ್ನೇ ಈ ರೆಕ್ಕೆ ಶಾಲೆಯ ಬಯಲಲ್ಲಿ ಮಾಡಬೇಕು ಅಂತ ತೀರ್ಮಾನಿಸಿದೆ.

ಅಳತೆ ಹೀಗೆ: ನೆಲದಿಂದ ತುದಿಗೆ 18 ಅಡಿ, ಸಂಪಾತಿಯ ರೆಕ್ಕೆ ಈ ತುದಿಯಿಂದ ಆ ತುದಿಗೆ 22 ಅಡಿ, ಅದರ ಅಡಿಯಲ್ಲಿ ಜಟಾಯುವಿನದು 12 ಅಡಿ.

ಮರಕ್ಕೆ ನಾನು ಅಂಗಡಿಗೆ ಹೋಗಲಿಲ್ಲ. ದೊಡ್ಡಪ್ಪನ ಹೊಲದ ಬದುವಿನಲ್ಲಿ ಬಿರುಗಾಳಿಗೆ ಉರುಳಿದ ಹಳೇ ಬೇವು ಇತ್ತು. ಮೈಗೆ ಅದೇ ಸಾಕಾಯಿತು. ಗರಿಗಳಿಗೆ ಕೆಡವಿದ ಮಾಳಿಗೆ ಮನೆಗಳ ತೊಲೆ, ಜಂತೆ ತಂದೆ. ನಮ್ಮ ಕಡೆ ಈಗ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುವವರೇ ಜಾಸ್ತಿ. ಆ ತೊಲೆಗಳು ಕಾಲಾಂತರದಿಂದ ಹೊಗೆ ಕುಡಿದು, ಒಣಗಿ, ಸೊಟ್ಟಗಾಗುವಷ್ಟು ಆಗಿ ಮುಗಿದಿರುತ್ತವೆ. ಗರಗಸ ಇಡುವ ಮುಂಚೆ ಅಯಸ್ಕಾಂತ ಹಿಡಿದು ಒಳಗಿನ ಮೊಳೆ ಹುಡುಕಬೇಕು, ಅಷ್ಟೇ.

ಹಸಿ ಬೇವಿನ ದಿಮ್ಮಿ ಹಾಗಲ್ಲ. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಬಳೆಗಳ ಸುತ್ತ ಕುಗ್ಗುವುದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಆದ್ದರಿಂದ ದುಂಡನೆಯ ದಿಮ್ಮಿ ಎಲ್ಲಾದರೂ ಸೀಳಲೇಬೇಕು. ಎಲ್ಲಿ ಸೀಳಬೇಕು ಅನ್ನುವುದನ್ನು ನಾವೇ ಹೇಳಬಹುದು. ಹಕ್ಕಿಯ ಹೊಟ್ಟೆ ಬರುವ ಕಡೆ, ತಲೆಯಿಂದ ಬಾಲದವರೆಗೆ ಚೈನ್ ಗರಗಸದಲ್ಲಿ ತಿರುಳಿನ ತನಕ ಒಂದು ಸೀಳು ಕೊಟ್ಟೆ. ಬಿರುಕೆಲ್ಲ ಅಲ್ಲೇ ಬಾಯಿ ಬಿಟ್ಟಿತು, ಮುಖ, ಎದೆ, ಬೆನ್ನು ಉಳಿದವು. ದಿಮ್ಮಿಯ ಎರಡು ತುದಿಗೂ ಸಗಣಿ ಮೆತ್ತಿ ನೆರಳಿನಲ್ಲಿ ಇಟ್ಟೆ. ತುದಿಯಿಂದ ತೇವ ಬೇಗ ಹೋಗದಿರಲಿ ಅಂತ ಹಿರಿಯರು ಮಾಡುತ್ತಿದ್ದದ್ದು. ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ಪೂರ್ತಿ ಕೆತ್ತಿ ತೆಗೆದೆ. ಹುಳ ಮೊದಲು ಬಾಯಿ ಹಾಕುವುದು ಅಲ್ಲಿಗೇ. ಬಯಲಲ್ಲಿ ನಿಲ್ಲುವುದು ಒಳಗಿನ ಗಟ್ಟಿ ಭಾಗವಾದ ಚೇಗು ಮಾತ್ರ.

ಭುಜದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಕ್ಕಿಯ ರೆಕ್ಕೆಯಲ್ಲಿ ನಮ್ಮ ತೋಳಿನ ಮೂಳೆಗಳೇ ಇರುವುದು. ಮೇಲ್ದೋಳಿಗೆ ಒಂದು, ಮುಂಗೈಗೆ ಎರಡು, ಆಮೇಲೆ ಕೂಡಿಕೊಂಡು ಚಿಕ್ಕದಾದ ಅಂಗೈ. ಪೂರ್ತಿ ಭಾರ ಬೀಳುವುದು ಭುಜದ ಮೇಲೆ. ಅಲ್ಲಿ ಎರಡು ತುಂಡು ಜೋಡಿಸಿದರೆ ಬೋಲ್ಟಿನ ಜೀವದ ಮೇಲೆ ರೆಕ್ಕೆ ನಿಲ್ಲಬೇಕಾಗುತ್ತದೆ. ನಮ್ಮೂರಿನ ಹಿರಿಯ ಆಚಾರ್ರು ಬಂದು ಉರುಳಿದ ಬೇವನ್ನು ಒಂದು ಸುತ್ತು ಹಾಕಿ ನೋಡಿದರು. ಕಾಂಡ ಎರಡಾಗಿ ಕವಲೊಡೆದ ಜಾಗಕ್ಕೆ ಕೈ ಇಟ್ಟು, "ಇದನ್ನ ಕಡೀಬೇಡಪ್ಪ, ದೇವರೇ ಜೋಡಿಸಿ ಕೊಟ್ಟವ್ನೆ" ಅಂದರು. ಮರದ ನೇಗಿಲಿದ್ದ ಕಾಲದಲ್ಲಿ ಅವರು ನೇಗಿಲಿಗೂ ಹುಟ್ಟಾ ಬಾಗಿದ ಕೊಂಬೆಯನ್ನೇ ಹುಡುಕುತ್ತಿದ್ದವರು. ಬಾಗಿದ ಕಡೆ ಮರದ ಎಳೆಯೂ ಜೊತೆಗೇ ಬಾಗಿರುತ್ತದೆ, ಎಲ್ಲೂ ತುಂಡಾಗಿರುವುದಿಲ್ಲ. ಸಂಪಾತಿಯ ಎರಡೂ ತೋಳು ಆ ಕವಲಿನಿಂದಲೇ ಬಂದವು. ಒಂದು ತೋಳು ಇನ್ನೊಂದಕ್ಕಿಂತ ಸ್ವಲ್ಪ ಮೇಲಕ್ಕೆ ಎದ್ದಿದೆ. ಅದನ್ನು ಹಾಗೇ ಬಿಟ್ಟೆ. ನೋಡುವವರಿಗೆ ಹಕ್ಕಿ ಗಾಳಿಯಲ್ಲಿ ವಾಲಿ ತಿರುಗುತ್ತಿದೆ ಅನ್ನಿಸುತ್ತದೆ.

ಗರಿ ಹೇಗಿರಬೇಕು ಅಂತ ತಿಳಿಯಲು ನಾನು ಹೋಗಿ ಕೂರುತ್ತಿದ್ದದ್ದು ಜೋಗಿಮಟ್ಟಿ ಮೇಲೆ. ಗಾಳಿಯಂತ್ರಗಳನ್ನು ನಿಲ್ಲಿಸಿರುವ ಗುಡ್ಡಸಾಲು ಅದು. ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೇರುತ್ತದೆ, ಹದ್ದುಗಳು ರೆಕ್ಕೆ ಬಡಿಯದೆ ಅದರ ಮೇಲೆ ತೇಲುತ್ತವೆ. ಕಣ್ಣಿಟ್ಟು ನೋಡಿದರೆ ರೆಕ್ಕೆಯ ತುದಿಯ ಗರಿಗಳು ಬಿಡಿಬಿಡಿಯಾಗಿರುವುದು ಕಾಣುತ್ತದೆ. ನಡುವೆ ಆಕಾಶ ಕಾಣುವಷ್ಟು ಸಂದು. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿ ಕಟ್ಟಿ ಹಕ್ಕಿಯನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವನ್ನು ಈ ಸಂದುಗಳು ಕಡಿಮೆ ಮಾಡುತ್ತವೆ. ನನಗೂ ಸಂದು ಬೇಕಾಗಿತ್ತು, ಆದರೆ ಹಾರುವುದಕ್ಕಲ್ಲ, ನಿಲ್ಲುವುದಕ್ಕೆ.

ಗಾಳಿಯ ಲೆಕ್ಕ ಬಯಲು ಶಿಲ್ಪ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 120 ಕಿ.ಮೀ. ಗಾಳಿ ನೇರ ಬಡಿದರೆ ಒಂದು ಚದರ ಮೀಟರ್ ಹಲಗೆಯ ಮೇಲೆ ಸುಮಾರು 65 ಕೆಜಿ ಒತ್ತಿದ ಹಾಗೆ. ನನ್ನ ಎರಡು ಹಕ್ಕಿಗೆ ಸೇರಿ ಒಂಬತ್ತು ಚದರ ಮೀಟರ್ ಮೈ ಇದೆ ಅಂದುಕೊಂಡರೂ 600 ಕೆಜಿಗೆ ಹತ್ತಿರ, ಅದೂ ತಲೆಗಿಂತ ಎಷ್ಟೋ ಮೇಲೆ. ಹತ್ತರಲ್ಲಿ ಒಂದು ಅಳತೆಯ ಬಿದಿರು, ರಟ್ಟಿನ ಮಾದರಿ ಮಾಡಿ ಪೆಡೆಸ್ಟಲ್ ಫ್ಯಾನ್ ಮುಂದೆ ಇಟ್ಟು ನೋಡಿದೆ. ಗರಿಗಳನ್ನು ಒತ್ತಾಗಿ ಜೋಡಿಸಿದಾಗ ಮಾದರಿ ಮಗುಚಿತು. ಸಂದು ಬಿಟ್ಟು, ಒಂದೊಂದು ಗರಿಯನ್ನೂ ಸ್ವಲ್ಪ ತಿರುಚಿ ಕೂರಿಸಿದಾಗ ನಡುಗಿತು, ಬೀಳಲಿಲ್ಲ. ಲೆಕ್ಕಕ್ಕೆ ಫ್ಯಾನ್ ಸಾಕಾಗುವುದಿಲ್ಲ. ಅದನ್ನು ಸಿವಿಲ್ ಇಂಜಿನಿಯರ್ ಗೆಳೆಯರಿಂದ ಮಾಡಿಸಿದೆ. ಗರಸು ನೆಲ ಅಗೆದು 8 ಅಡಿ ಉದ್ದ, 8 ಅಡಿ ಅಗಲ, 3 ಅಡಿ ಆಳದ ಕಾಂಕ್ರೀಟ್ ಹಾಕಿದೆವು. ಅದರ ತೂಕವೇ ಸುಮಾರು 13 ಟನ್.

ಮರ ಮಾತ್ರ ಕಾಂಕ್ರೀಟ್ ಮುಟ್ಟುವುದಿಲ್ಲ. ಸತುವಿನ ಲೇಪ ಕೊಟ್ಟ ಉಕ್ಕಿನ ಪಾದದ ಮೇಲೆ, ನೆಲದಿಂದ ಒಂದು ಗೇಣು ಮೇಲೆ ನಿಂತಿದೆ. ಮಳೆ ನೀರು ಇಳಿದು ಹೋಗುತ್ತದೆ, ಗೆದ್ದಲು ಹತ್ತಿದರೆ ಉಕ್ಕಿನ ಮೇಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಬೋಲ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಸಾದಾ ಕಬ್ಬಿಣ ಹಾಕಿದರೆ ಮರದ ಒಗರಿಗೆ ತುಕ್ಕು ಹಿಡಿದು ಸುತ್ತಲೂ ಕಪ್ಪು ಕಲೆ ಇಳಿಯುತ್ತದೆ. ಬೋಲ್ಟಿನ ತೂತುಗಳನ್ನು ದುಂಡಗೆ ಕೊರೆಯದೆ ಅಡ್ಡಕ್ಕೆ ಉದ್ದ ಮಾಡಿದ್ದೇನೆ. ಮಳೆಗಾಲದಲ್ಲಿ ಗರಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದಕ್ಕೆ ಅಲ್ಲಾಡುವ ಜಾಗ ಬೇಕು. ಜಾಗ ಕೊಡದಿದ್ದರೆ ಸೀಳುತ್ತದೆ.

ಇನ್ನು ಸುಡುವ ಕೆಲಸ. ನನಗೆ ಅತಿ ಇಷ್ಟವಾದ ಭಾಗ ಇದು. ಬೇಲಿ ಗೂಟದ ಬುಡ ಸುಟ್ಟು ಹುಗಿಯುವುದು ರೈತರಿಗೆ ಹೊಸದೇನಲ್ಲ. ಜಪಾನಿನಲ್ಲಿ ಮನೆಯ ಹೊರಗೋಡೆಯ ಹಲಗೆಗಳನ್ನೇ ಹೀಗೆ ಸುಡುವ ಪದ್ಧತಿ ಇದೆ. ಮೇಲಿನ ಇದ್ದಿಲ ಪದರ ಬಿಸಿಲನ್ನು ತಡೆಯುತ್ತದೆ, ನೀರು ಬೇಗ ಹೀರುವುದಿಲ್ಲ. ಸಂಪಾತಿಯ ಗರಿಗಳನ್ನು ಒಂದೊಂದಾಗಿ ಕಲ್ಲಿನ ಮೇಲಿಟ್ಟು ಗ್ಯಾಸ್ ಟಾರ್ಚ್ ಹಿಡಿದೆ. ಮೊದಲು ಹಳೇ ಹೊಗೆಯ ಜಿಡ್ಡು ಉರಿಯುತ್ತದೆ, ಅಡುಗೆಮನೆಯ ವಾಸನೆ ಬರುತ್ತದೆ. ಆಮೇಲೆ ಮೈ ಕಂದಾಗಿ, ಕಪ್ಪಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಬಿರಿಯುತ್ತದೆ. ಬಿರಿದ ತಕ್ಷಣ ಬೆಂಕಿ ತೆಗೆಯಬೇಕು. ಆರಿದ ಮೇಲೆ ತೆಂಗಿನ ನಾರಿನ ಬ್ರಷ್ಷಿನಲ್ಲಿ ಎಳೆಯುದ್ದಕ್ಕೂ ಉಜ್ಜಿದರೆ ಸಡಿಲ ಮಸಿ ಉದುರುತ್ತದೆ, ಮರದ ಗಟ್ಟಿ ಎಳೆಗಳು ಮೇಲೆದ್ದು ನಿಲ್ಲುತ್ತವೆ. ಗರಿಯ ನಡುದಂಟಿನಿಂದ ಎರಡೂ ಕಡೆಗೆ ಉಳಿಯಲ್ಲಿ ಮೊದಲೇ ಗೀರಿದ್ದ ಗೆರೆಗಳು ಈಗ ನಿಜವಾದ ಗರಿಯ ಹಾಗೇ ಕಾಣುತ್ತವೆ. ಭುಜದ ಹತ್ತಿರ ಕೆಲವು ಚಿಕ್ಕ ಗರಿಗಳನ್ನು ಸುಡದೆ ಬಿಟ್ಟೆ. ಅವು ಸಂಪಾತಿಗೆ ಮರಳಿ ಮೂಡಿದ ಗರಿಗಳು. ಜಟಾಯುವನ್ನೂ ಸುಟ್ಟಿಲ್ಲ. ಅವನದು ಬೇವಿನ ಕೆಂಗಂದು.

ಎಲ್ಲಕ್ಕೂ ಅಗಸೆ ಎಣ್ಣೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಕಡಲೆಕಾಯಿ ಎಣ್ಣೆ ಹಚ್ಚು ಅಂದವರೂ ಇದ್ದರು. ಕಡಲೆಕಾಯಿ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿ ಸೇರಿ ಗಟ್ಟಿಯಾಗುತ್ತದೆ. ಮೊದಲ ಕೈಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಬೇಕು. ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಆಷಾಢದ ಗಾಳಿ ಏಳುವ ಮುಂಚೆ ನಿಲ್ಲಿಸಿದೆವು. ಹೈಡ್ರಾ ಕ್ರೇನ್ ಬಂತು, ಬೆಲ್ಟ್ ಕಟ್ಟಿ ಮೊದಲು ಮೈ, ಆಮೇಲೆ ಗರಿಗಳು. ಹಕ್ಕಿಯ ಮುಖ ಪಡುವಣಕ್ಕೆ. ನಮ್ಮ ಕಡೆ ಮಳೆಗಾಲದ ಗಾಳಿ ಬರುವುದು ಆ ದಿಕ್ಕಿನಿಂದ. ಹಕ್ಕಿಯಾಗಲಿ ವಿಮಾನವಾಗಲಿ ಮೇಲೇಳುವುದು ಗಾಳಿಗೆ ಎದುರಾಗಿಯೇ. ಶಾಲೆಯ ಮಕ್ಕಳಿಗೆ ಇದನ್ನು ಹೇಳುವಾಗ ರೈಟ್ ಸಹೋದರರ ವಿಷಯವೂ ಬಂತು. 1903ರ ಡಿಸೆಂಬರ್ 17ರಂದು ಅವರೂ ಎದುರುಗಾಳಿಗೇ ಹಾರಿದ್ದು, 12 ಸೆಕೆಂಡು, 120 ಅಡಿ. ಆ ವಿಮಾನದ ಚೌಕಟ್ಟು ಮರದ್ದು ಅಂದಾಗ ಮಕ್ಕಳು ನಂಬಲಿಲ್ಲ. "ಮರ ಹಾರ್ತದಾ ಸಾರ್?" ಅಂತ ಒಬ್ಬಳು ಕೇಳಿದಳು. ಸ್ಪ್ರೂಸ್ ಅನ್ನುವ ಹಗುರ ಮರ, ಮೇಲೆ ಹತ್ತಿ ಬಟ್ಟೆ ಅಂತ ವಿವರಿಸಿದೆ. ಅವರಿಗಿಂತ ಮೊದಲು ಜರ್ಮನಿಯ ಓಟೊ ಲಿಲಿಯೆಂತಾಲ್ ಕೊಕ್ಕರೆಗಳನ್ನು ನೋಡಿ ರೆಕ್ಕೆ ಕಟ್ಟಿ ಗುಡ್ಡದಿಂದ ಹಾರಿದ್ದು, 1896ರಲ್ಲಿ ಬಿದ್ದು ತೀರಿಕೊಂಡಿದ್ದು, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗಿ, "ಹಂಗಾದ್ರೆ ಅವ್ರೂ ಸಂಪಾತಿನೇ" ಅಂದಳು. ಬಿಸಿಯೂಟದ ಅಜ್ಜಿ ಕಪ್ಪು ರೆಕ್ಕೆಯ ಅಡಿ ನಿಂತು ತುಂಬಾ ಹೊತ್ತು ಮೇಲೆ ನೋಡಿ, "ತಮ್ಮನಿಗೋಸ್ಕರ ಸುಟ್ಕಂಡನಲ್ಲಪ್ಪ" ಅಂದರು. ಕಥೆ ಗೊತ್ತಿರುವವರ ನಡುವೆ ಶಿಲ್ಪ ನಿಲ್ಲಿಸುವುದು ದೊಡ್ಡ ಭಾಗ್ಯ.

ಆಷಾಢದಲ್ಲಿ ಹೋಗಿ ಕಾಂಡಕ್ಕೆ ಕೈ ಇಟ್ಟು ನಿಂತೆ. ಮೇಲೆ ಗರಿಗಳು ಒಂದೊಂದೂ ಬೇರೆ ಬೇರೆ ಅದುರುತ್ತಿದ್ದವು, ಸಂದುಗಳಲ್ಲಿ ಗಾಳಿ ಹುಯ್ಯೋ ಅನ್ನುತ್ತಿತ್ತು. ಕಾಂಡ ಅಲುಗಲಿಲ್ಲ.

ಒಂದೊಂದು ಗರಿಯೂ ಎರಡೇ ಬೋಲ್ಟಿನಲ್ಲಿ ನಿಂತಿದೆ, ಬೇಕಾದಾಗ ಬಿಚ್ಚಬಹುದು. ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವುದು, ಬೋಲ್ಟ್ ಬಿಗಿ ನೋಡುವುದು, ದುಂಬಿ ಕೊರೆದ ತೂತು ಮುಚ್ಚುವುದು, ಇಷ್ಟು ಕೆಲಸ ಇದೆ. ತೆಂಕಣ ತುದಿಯ ಎರಡು ಗರಿಗಳಲ್ಲಿ ಇದ್ದಿಲು ಸವೆದು ಬೂದು ಬಣ್ಣ ಕಾಣುತ್ತಿದೆ. ಬದಲಿಗೆ ಬೇಕಾದ ಜಂತೆ ಆಚಾರ್ರ ಮನೆಯ ಅಟ್ಟದ ಮೇಲಿದೆ. ಅವರ ಮೊಮ್ಮಗ ಐಟಿಐ ಓದುತ್ತಿದ್ದಾನೆ. ಈ ಸಲದ ಗರಿ ಅವನೇ ಕೆತ್ತುತ್ತಾನಂತೆ, ಸುಡುವಾಗ ಮಾತ್ರ ನಾನು ಪಕ್ಕದಲ್ಲಿರಬೇಕಂತೆ.