ನಿಂಬೆ, ಪನ್ನೀರು, ಮಂಜಿನ ಎಳೆ: ಮನೆಯಲ್ಲೇ ಶಿರಾಜಿನ ಫಾಲೂದೆ

ಫಲೂದಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರದ ಗಾಜಿನ ಲೋಟ. ಅಡಿಯಲ್ಲಿ ಗುಲಾಬಿ ಸಿರಪ್, ಅದರ ಮೇಲೆ ನೆನೆದ ಕಾಮಕಸ್ತೂರಿ ಬೀಜ, ಶಾವಿಗೆ, ತಣ್ಣನೆಯ ಹಾಲು, ನೆತ್ತಿಯ ಮೇಲೆ ಒಂದು ಉಂಡೆ ಐಸ್‌ಕ್ರೀಮ್. ಮೊಗಲರ ಕಾಲದಲ್ಲಿ ಪರ್ಷಿಯಾದಿಂದ ಬಂದ ತಿನಿಸು ಇಲ್ಲಿ ಹಾಲುಂಡು ಬೆಳೆದ ರೂಪ ಇದು. ಇರಾನಿನ ಶಿರಾಜ್ ನಗರದಲ್ಲಿ ಫಾಲೂದೆ ಕೇಳಿದರೆ ಕೈಗೆ ಬರುವ ಬಟ್ಟಲು ಬೇರೆಯದೇ. ಅದರಲ್ಲಿ ಹಾಲೂ ಇಲ್ಲ, ಕೆನೆಯೂ ಇಲ್ಲ. ದಾರದಷ್ಟು ತೆಳ್ಳಗಿನ ಬಿಳಿ ಎಳೆಗಳು, ಅವುಗಳ ನಡುವೆ ಪನ್ನೀರಿನ ಘಮವುಳ್ಳ ಸಕ್ಕರೆ ಮಂಜಿನ ಹರಳು, ಮೇಲೆ ಹಿಂಡಿದ ನಿಂಬೆರಸ. ಬಾಯಿಗಿಟ್ಟರೆ ಮೊದಲು ತಂಪು, ಆಮೇಲೆ ಹುಳಿ, ಅದರ ಹಿಂದೆ ಹೂವಿನ ವಾಸನೆ. ಸಿಹಿ ಕೊನೆಗೆ ಬರುತ್ತದೆ. ಬೇಸಿಗೆಗೆ ಇದಕ್ಕಿಂತ ಒಳ್ಳೆಯ ತಿನಿಸನ್ನು ನಾನು ಕಂಡಿಲ್ಲ.

ಮರುಭೂಮಿಯ ಅಂಚಿನ ನಾಡಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಎಂದು ಯಾರಿಗಾದರೂ ಅನ್ನಿಸುತ್ತದೆ. ಇರಾನಿನವರು ಅದಕ್ಕಾಗಿ 'ಯಖ್ಚಾಲ್' ಎಂಬ ಮಂಜಿನ ಮನೆಗಳನ್ನು ಕಟ್ಟುತ್ತಿದ್ದರು. ಯಖ್ ಎಂದರೆ ಮಂಜುಗಡ್ಡೆ, ಚಾಲ್ ಎಂದರೆ ಗುಂಡಿ. ಮಣ್ಣಿನ ಇಟ್ಟಿಗೆಯ ದಪ್ಪ ಗುಮ್ಮಟ, ಅದರ ಕೆಳಗೆ ಆಳವಾದ ಹೊಂಡ, ಪಕ್ಕದಲ್ಲಿ ಎತ್ತರದ ಗೋಡೆಯ ನೆರಳಿನಲ್ಲಿ ಆಳವಿಲ್ಲದ ನೀರಿನ ತೊಟ್ಟಿಗಳು. ಚಳಿಗಾಲದ ಶುಭ್ರ ಆಕಾಶದ ರಾತ್ರಿ ಆ ತೊಟ್ಟಿಯ ನೀರು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಹೆಪ್ಪುಗಟ್ಟುತ್ತಿತ್ತು. ಬೆಳಗಾಗುವ ಮೊದಲೇ ಅದನ್ನು ಒಡೆದು ಹೊಂಡಕ್ಕೆ ತುಂಬಿದರೆ ಬೇಸಿಗೆಯವರೆಗೂ ಉಳಿಯುತ್ತಿತ್ತು. ಮೇಬೊದ್, ಕೆರ್ಮಾನ್, ಅಬರ್ಕೂಹ್ ಊರುಗಳಲ್ಲಿ ಅಂಥ ಗುಮ್ಮಟಗಳು ಇಂದಿಗೂ ನಿಂತಿವೆ. ಈಗಿನ ಇರಾನಿನ ಅಡುಗೆಮನೆಯ ಫ್ರಿಜ್ಜಿಗೂ ಪಾರಸಿಯಲ್ಲಿ ಯಖ್ಚಾಲ್ ಎಂದೇ ಹೆಸರು. ನಮ್ಮ ಕೆಲಸವನ್ನು ಆ ಫ್ರಿಜ್ಜೇ ಮಾಡಿಕೊಡುತ್ತದೆ. ನಾವು ಕೊಡಬೇಕಾದದ್ದು ನಾಲ್ಕೈದು ಗಂಟೆಯ ಬಿಡುವು.

ಬೇಕಾಗುವ ಸಾಮಗ್ರಿ (ಆರು ಬಟ್ಟಲಿಗೆ)

ಎಳೆಗೆ: ಕಾರ್ನ್‌ಫ್ಲೋರ್ 100 ಗ್ರಾಂ, ನೀರು 450 ಮಿ.ಲೀ., ದೊಡ್ಡ ಪಾತ್ರೆಯ ತುಂಬ ಐಸ್ ಹಾಕಿದ ನೀರು.
ಪಾಕಕ್ಕೆ: ಸಕ್ಕರೆ 250 ಗ್ರಾಂ, ನೀರು 500 ಮಿ.ಲೀ., ಪನ್ನೀರು 3 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ.
ಬಡಿಸುವಾಗ: ಇನ್ನೂ ಮೂರು ನಾಲ್ಕು ನಿಂಬೆಹಣ್ಣು.

ಪಟ್ಟಿ ಇಷ್ಟು ಚಿಕ್ಕದಾಗಿರುವುದರಿಂದಲೇ ಒಂದೊಂದು ಪದಾರ್ಥವನ್ನೂ ನೋಡಿ ತರಬೇಕು. ಕಾರ್ನ್‌ಫ್ಲೋರ್ ಎಂದರೆ ಬೆರಳಿನಲ್ಲಿ ಒತ್ತಿದರೆ ಕಿರುಗುಟ್ಟುವ, ಅಪ್ಪಟ ಬಿಳಿಯ ನುಣುಪು ಪಿಷ್ಟ. ಅಂಗಡಿಯಲ್ಲಿ ಜೋಳದ ಹಿಟ್ಟು ಎಂದು ಕೇಳಿದರೆ ರೊಟ್ಟಿಯ ಹಿಟ್ಟನ್ನು ಕೊಡುತ್ತಾರೆ, ಮೆಕ್ಕೆಜೋಳದ ಹಿಟ್ಟು ಎಂದರೆ ಹಳದಿ ಹಿಟ್ಟು ಬರುತ್ತದೆ. ಎರಡರಿಂದಲೂ ಎಳೆ ಆಗುವುದಿಲ್ಲ.

ಪನ್ನೀರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮದುವೆ ಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರು, ಮುಖಕ್ಕೆ ಹಚ್ಚುವ ಗುಲಾಬಿ ನೀರು ಅಡುಗೆಗೆ ಬೇಡ. ಅವುಗಳಲ್ಲಿ ಬಹಳಷ್ಟು ಕೃತಕ ಸುಗಂಧವೇ ಇರುತ್ತದೆ. ಸೀಸೆಯ ಮೇಲೆ ಆಹಾರಕ್ಕೆ ಯೋಗ್ಯ ಎಂದು ಬರೆದಿರುವುದನ್ನೇ ಕೊಳ್ಳಿ. ಇರಾನಿನಲ್ಲಿ ಕಾಶಾನ್ ಬಳಿಯ ಕಂಸರ್ ಪಟ್ಟಣದ ಪನ್ನೀರಿಗೆ ದೊಡ್ಡ ಹೆಸರಿದೆ. ಮೇ ತಿಂಗಳಲ್ಲಿ ಅಲ್ಲಿ ಬಿಸಿಲೇರುವ ಮೊದಲೇ ಹೂ ಕೊಯ್ದು, ತಾಮ್ರದ ಹಂಡೆಯಲ್ಲಿ ಕುದಿಸಿ, ಹಬೆಯನ್ನು ತಣಿಸಿ ಪನ್ನೀರು ಇಳಿಸುತ್ತಾರೆ. ಗುಲಾಬಿ ಸಿರಪ್ಪು ಪನ್ನೀರಿಗೆ ಬದಲಿಯಾಗಲಾರದು. ಅದನ್ನು ಹಾಕಿದರೆ ಬಟ್ಟಲು ಗುಲಾಬಿ ಬಣ್ಣಕ್ಕೆ ತಿರುಗಿ ನಮ್ಮ ಫಲೂದಾದ ಕಡೆಗೇ ಜಾರುತ್ತದೆ. ನಿಂಬೆಯ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ನಮ್ಮ ತೆಳು ಸಿಪ್ಪೆಯ, ರಸ ತುಂಬಿದ ಸಣ್ಣ ನಿಂಬೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆ ಸಿಕ್ಕರಂತೂ ಬೇರೇನೂ ಹುಡುಕಬೇಡಿ.

ಮೊದಲು ಪಾಕ

ಸಕ್ಕರೆ ಮತ್ತು ನೀರನ್ನು ಒಲೆಯ ಮೇಲಿಟ್ಟು, ಸಕ್ಕರೆ ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆ ಪಾಕ ಬರಬಾರದು, ಜಾಮೂನಿನ ಅಂಟು ಪಾಕವೂ ಬೇಡ. ಪೂರ್ತಿ ತಣ್ಣಗಾದ ಮೇಲೆ ಪನ್ನೀರು ಮತ್ತು ನಿಂಬೆರಸ ಬೆರೆಸಿ. ಬಿಸಿಯಲ್ಲಿ ಹಾಕಿದರೆ ಪನ್ನೀರಿನ ಘಮ ಹಬೆಯ ಜೊತೆ ಹಾರಿಹೋಗುತ್ತದೆ, ನಿಂಬೆಯ ತಾಜಾತನವೂ ಉಳಿಯುವುದಿಲ್ಲ.

ಸಿಹಿ ಹೆಚ್ಚಾಯಿತೆಂದು ಸಕ್ಕರೆ ಕಡಿಮೆ ಮಾಡಲು ಹೋಗಬೇಡಿ. ಇಲ್ಲಿ ಸಕ್ಕರೆಗೆ ರುಚಿಯ ಜೊತೆಗೆ ಇನ್ನೊಂದು ಕೆಲಸವಿದೆ. ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ, ನೂರರಲ್ಲಿ ಮೂವತ್ತು ಪಾಲು ಸಕ್ಕರೆಯಿರುವ ಈ ಪಾಕ ಹೆಪ್ಪುಗಟ್ಟಲು ಆರಂಭಿಸುವುದೇ ಸೊನ್ನೆಗಿಂತ ಎರಡೂವರೆ ಡಿಗ್ರಿಯಷ್ಟು ಕೆಳಗೆ. ಅಲ್ಲಿಂದ ಮುಂದೆಯೂ ಒಂದಿಷ್ಟು ಪಾಕ ದ್ರವವಾಗಿಯೇ ಉಳಿದು ಹರಳುಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಸಕ್ಕರೆ ಇಳಿಸಿದರೆ ಕಲ್ಲಿನಂಥ ಗಡ್ಡೆ, ಏರಿಸಿದರೆ ಎಷ್ಟು ಹೊತ್ತಾದರೂ ಗಟ್ಟಿಯಾಗದ ಪಾನಕ. ಇನ್ನೊಂದು ಮಾತು: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದ್ದರಿಂದ ಕೋಣೆಯ ಬಿಸಿಯಲ್ಲಿ ರುಚಿ ನೋಡಿದಾಗ ಪಾಕ ತುಸು ಅತಿಯಾಯಿತು ಅನ್ನಿಸಿದರೆ ಅಳತೆ ಸರಿಯಾಗಿದೆ ಎಂದೇ ತಿಳಿಯಿರಿ.

ಈ ಪಾಕವನ್ನು ಅಗಲವಾದ, ಅಂಚಿರುವ ಸ್ಟೀಲ್ ತಟ್ಟೆಗೆ ಹುಯ್ದು ಫ್ರೀಜರಿನಲ್ಲಿಡಿ. ಆಳದ ಡಬ್ಬಿಗಿಂತ ಅಗಲದ ತಟ್ಟೆಯಲ್ಲಿ ಬೇಗ, ಸಮನಾಗಿ ಹೆಪ್ಪುಗಟ್ಟುತ್ತದೆ.

ಎಳೆ ಒತ್ತುವುದು

ಇದೇ ಫಾಲೂದೆಯ ಜೀವ. ಪಾರಸಿಯಲ್ಲಿ ಇದರ ಹಳೆಯ ಹೆಸರು 'ಪಾಲೂದೆ', ಅಂದರೆ ಸೋಸಿದ್ದು. ಹಾಗಾಗಿ ಹೆಸರಿಗೆ ತಕ್ಕಂತೆ ಸೋಸುವುದರಿಂದಲೇ ಆರಂಭಿಸೋಣ. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಜಾಲರಿಯಲ್ಲಿ ಸೋಸಿ. ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಕೆಲವು ನಿಮಿಷ ಹಾಲಿನಂತೆ ತೆಳ್ಳಗೇ ಇದ್ದದ್ದು ಇದ್ದಕ್ಕಿದ್ದಂತೆ ಗಂಟುಗಂಟಾಗುತ್ತದೆ. ಹೆದರದೆ ಬಲವಾಗಿ ಮಗುಚುತ್ತಿದ್ದರೆ ಗಂಟು ಒಡೆದು, ಬಿಳುಪು ಕಳೆದು, ಬಟ್ಟೆಗೆ ಹಾಕುವ ಗಂಜಿಯಂತೆ ಪಾರದರ್ಶಕವಾಗುತ್ತದೆ. ಆಗ ಇಳಿಸುವ ಆಸೆ ಬರುತ್ತದೆ, ಇಳಿಸಬೇಡಿ. ಇನ್ನೂ ಐದು ನಿಮಿಷ ಬೇಯಲಿ. ಹಿಟ್ಟು ಪಾತ್ರೆಯ ಅಂಚು ಬಿಟ್ಟು, ಸೌಟಿನ ಜೊತೆ ಒಂದೇ ಮುದ್ದೆಯಾಗಿ ತಿರುಗಬೇಕು. ಈ ಐದು ನಿಮಿಷ ಉಳಿಸಿದರೆ ಎಳೆ ನೀರಿನಲ್ಲಿ ಚೂರುಚೂರಾಗುತ್ತದೆ.

ಚಕ್ಕುಲಿ ಒರಳಿಗೆ ಓಮಪುಡಿಯ ಸಣ್ಣ ತೂತಿನ ಬಿಲ್ಲೆ ಹಾಕಿ, ಒಳಗೆ ಎಣ್ಣೆ ಸವರದೆ ಬರಿಯ ನೀರು ಸವರಿ, ಹಿಟ್ಟು ಬಿಸಿಯಿರುವಾಗಲೇ ತುಂಬಿ. ಒರಳನ್ನು ಬಟ್ಟೆಯಿಂದ ಹಿಡಿದುಕೊಳ್ಳಿ, ಸುಡುತ್ತದೆ. ಐಸ್ ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಎಳೆಗಳು ಒಂದೇ ಕಡೆ ರಾಶಿ ಬೀಳದಂತೆ ಸುತ್ತಿಸುತ್ತ ಒತ್ತಿ. ನೀರು ಮುಟ್ಟಿದ ಕ್ಷಣವೇ ಎಳೆ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಬಿಟ್ಟು, ಬಸಿದು, ಕತ್ತರಿಯಿಂದ ಬೆರಳುದ್ದಕ್ಕೆ ತುಂಡು ಮಾಡಿ. ಕೈಯಲ್ಲಿ ಮುದ್ದೆ ಆರಿ ಒತ್ತಲು ಬಾರದಾದರೆ ಬಲ ಹಾಕಿ ಪ್ರಯೋಜನವಿಲ್ಲ. ಒಂದು ಚಮಚ ನೀರು ಸೇರಿಸಿ ಮತ್ತೆ ಬಿಸಿಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಲು ಸಮಯವಿಲ್ಲದವರಿಗೆ ಅಂಗಡಿಯ ಒಣ ಅಕ್ಕಿ ಶಾವಿಗೆ ಇದೆ. ಅತ್ಯಂತ ಸಣ್ಣದನ್ನು 75 ಗ್ರಾಂ ತಂದು, ಕುದಿಯುವ ನೀರಿನಲ್ಲಿ ಮೆತ್ತಗೆ ಬೇಯಿಸಿ, ತಣ್ಣೀರಿನಲ್ಲಿ ತೊಳೆದು ಬಳಸಬಹುದು. ಹೊರದೇಶಗಳಲ್ಲಿ ನೆಲೆಸಿದ ಇರಾನಿಯರಲ್ಲೂ ಅನೇಕರು ಹೀಗೇ ಮಾಡುತ್ತಾರೆ. ಪಾಯಸಕ್ಕೆ ಹುರಿದು ಹಾಕುವ ಗೋಧಿ ಅಥವಾ ರವೆ ಶಾವಿಗೆ ಮಾತ್ರ ಬೇಡ.

ಕೆರೆಯುವುದು, ಕಾಯುವುದು

ಪಾಕ ಫ್ರೀಜರಿಗೆ ಹೋಗಿ ಒಂದು ಗಂಟೆಯಾದ ಮೇಲೆ ಅಂಚಿನಲ್ಲಿ ಹರಳು ಕಾಣುತ್ತದೆ. ಫೋರ್ಕಿನಿಂದ ಅಂಚನ್ನು ಕೆರೆದು ನಡುವಿಗೆ ಎಳೆಯಿರಿ. ಮತ್ತೆ ನಲವತ್ತು ನಿಮಿಷಕ್ಕೆ ನೋಡಿದರೆ ತಟ್ಟೆಯ ತುಂಬ ನೆನೆದ ಮಂಜು. ಎಳೆಗಳನ್ನು ಬೆರೆಸುವ ಹೊತ್ತು ಇದೇ. ಮೊದಲೇ ಹಾಕಿದರೆ ತಳ ಸೇರಿ ಒಂದೇ ಗಡ್ಡೆಯಾಗುತ್ತವೆ, ತಡಮಾಡಿದರೆ ಮಂಜಿನೊಳಗೆ ಇಳಿಯುವುದಿಲ್ಲ. ಅಲ್ಲಿಂದ ಮುಂದೆ ನಲವತ್ತು ನಿಮಿಷಕ್ಕೊಮ್ಮೆ ಕೆರೆದು ಮೇಲೆ ಕೆಳಗೆ ಮಾಡುತ್ತಿರಿ. ಒಟ್ಟು ನಾಲ್ಕೈದು ಸಲ.

ಗಾಜಿನಂತೆ ಹೊಳೆಯುತ್ತಿದ್ದ ಎಳೆ ಈ ಹೊತ್ತಿನಲ್ಲಿ ನಿಧಾನಕ್ಕೆ ಬೆಳ್ಳಗಾಗುವುದನ್ನು ನೋಡುವುದೇ ಒಂದು ಸಂತೋಷ. ಫ್ರಿಜ್ಜಿನಲ್ಲಿಟ್ಟ ಅನ್ನ ಮರುದಿನ ಬಿರುಸಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ: ಬೆಂದ ಪಿಷ್ಟದ ಸರಪಳಿಗಳು ತಣ್ಣಗಾಗುತ್ತ ನೀರನ್ನು ಹೊರಹಾಕಿ ಮತ್ತೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಅನ್ನಕ್ಕೆ ದೋಷವಾದದ್ದು ಫಾಲೂದೆಗೆ ಗುಣ. ಹಲ್ಲಿಗೆ ಸಿಕ್ಕ ಎಳೆ ಮೃದುವಾಗಿ ಕರಕರ ಎನ್ನಬೇಕು. ಮೆತ್ತಗೆ ಜಾರಿದರೆ ಇನ್ನೊಂದು ಗಂಟೆ ಫ್ರೀಜರಿನಲ್ಲಿರಲಿ.

ಬಡಿಸುವಾಗ

ಹತ್ತು ನಿಮಿಷ ಮೊದಲು ಹೊರತೆಗೆದು, ಕೊನೆಯ ಸಲ ಕೆರೆದು, ಮೊದಲೇ ತಣ್ಣಗಾಗಿಸಿದ ಬಟ್ಟಲಿಗೆ ಹಾಕಿ. ಅರ್ಧ ನಿಂಬೆಹಣ್ಣನ್ನು ಬಟ್ಟಲಿನ ಜೊತೆಯಲ್ಲೇ ಕೊಡಿ. ಶಿರಾಜಿನಲ್ಲಿ ಕರೀಂ ಖಾನ್ ಝಂದ್ 18ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಯ ಸುತ್ತಮುತ್ತಲಿನ ಅಂಗಡಿಗಳಲ್ಲಿ ಫಾಲೂದೆಗೆ ನಿಂಬೆರಸ ಬೆರೆಸಿಕೊಂಡು ತಿನ್ನುತ್ತಾರೆ. ಹುಳಿ ಎಷ್ಟು ಬೇಕೆಂಬುದು ತಿನ್ನುವವರ ಆಯ್ಕೆ. ಹುಳಿ ಚೆರ್ರಿಯ ಷರಬತ್ತು ಸುರಿದುಕೊಳ್ಳುವವರೂ ಇದ್ದಾರೆ. ಅದು ಇಲ್ಲವೆಂದು ಬೇಕರಿಯ ಕೆಂಪು ಚೆರ್ರಿ ಹಾಕಬೇಡಿ. ಅದು ಹೆಚ್ಚಾಗಿ ಸಕ್ಕರೆಯಲ್ಲಿ ಅದ್ದಿ ಬಣ್ಣ ಹಚ್ಚಿದ ಕವಳಿಕಾಯಿ, ಹುಳಿಯೇ ಇರುವುದಿಲ್ಲ. ಕೇಸರಿ ಹಾಕಿದ ಇರಾನಿ ಐಸ್‌ಕ್ರೀಮಿನ ಒಂದು ಉಂಡೆಯ ಜೊತೆ ಬಡಿಸಿದರೆ ಅದಕ್ಕೆ 'ಮಖ್ಲೂತ್', ಅಂದರೆ ಮಿಶ್ರಣ, ಎಂಬ ಹೆಸರು. ಮಕ್ಕಳಿಗೆ ಅದು ಹೆಚ್ಚು ಇಷ್ಟವಾಗುತ್ತದೆ. ಮೊದಲ ಸಲ ಮಾತ್ರ ಬರಿಯ ನಿಂಬೆಯೊಂದಿಗೇ ತಿಂದು ನೋಡಿ.

ಮಾಡಿದ ದಿನವೇ ಮುಗಿಸುವುದು ಒಳ್ಳೆಯದು. ಉಳಿದರೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಪನ್ನೀರಿನ ಘಮದ ಜಾಗಕ್ಕೆ ಫ್ರೀಜರಿನ ವಾಸನೆ ಬಂದು ಕೂರುತ್ತದೆ. ಮರುದಿನ ಎಳೆ ಇನ್ನಷ್ಟು ಬಿರುಸಾಗಿರುತ್ತದೆ. ಕಾಲು ಗಂಟೆ ಹೊರಗಿಟ್ಟು, ಕೆರೆದು, ಹೊಸದಾಗಿ ನಿಂಬೆ ಹಿಂಡಿಕೊಳ್ಳಿ.