ಡಿಜಿಟಲ್ ಇತಿಹಾಸದ ಪ್ರಾಜೆಕ್ಟ್‌ಗೆ ಅಂಕ ಕೊಡುವುದು ಹೇಗೆ?

ಇತಿಹಾಸ ಎಂ.ಎ. ಪ್ರಾಜೆಕ್ಟ್ ಎಂದರೆ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಅರವತ್ತು ಪುಟದ ಪ್ರಬಂಧ ಎಂಬ ಕಾಲ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಡಿಜಿಟಲ್ ಇತಿಹಾಸ ಪತ್ರಿಕೆಯನ್ನು ಆಯ್ದುಕೊಂಡವರು ಈಗ ಒಪ್ಪಿಸುವುದು ನಕ್ಷೆ, ಜಾಲತಾಣ, ದತ್ತಾಂಶದ ಕೋಷ್ಟಕ, ಇಲ್ಲವೇ ಸಂದರ್ಶನಗಳ ಧ್ವನಿಮುದ್ರಿಕೆ. ಪ್ರಬಂಧ ತಿದ್ದಿ ಪಳಗಿದ ಅಧ್ಯಾಪಕರು ಇವುಗಳ ಮುಂದೆ ಕುಳಿತಾಗ ಒಂದೋ ತೆರೆಯ ಮೇಲಿನ ಥಳುಕಿಗೆ ಮರುಳಾಗಿ ಧಾರಾಳವಾಗಿ ಅಂಕ ಹಾಕುತ್ತಾರೆ, ಇಲ್ಲವೇ ‘ಇದರಲ್ಲಿ ಇತಿಹಾಸ ಎಲ್ಲಿದೆ?’ ಎಂದು ಪಾಸಾಗುವಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎರಡು ತಪ್ಪನ್ನೂ ನಾನು ಮಾಡಿದ್ದೇನೆ. ಪ್ರೋಗ್ರಾಮಿಂಗ್ ಬಾರದಿದ್ದರೂ ಈ ಕೆಲಸ ಮಾಡಬಹುದು. ತೆರೆಯ ಮೇಲಿನ ಒಂದು ಚುಕ್ಕೆಯನ್ನು ಹಿಡಿದು ಅದರ ಆಕರದವರೆಗೆ ಹಿಂದಕ್ಕೆ ನಡೆಯುವ ತಾಳ್ಮೆ ಇದ್ದರೆ ಸಾಕು. ಉದಾಹರಣೆಗೆ ಬೆಂಗಳೂರು ಸುತ್ತಲಿನ ವೀರಗಲ್ಲುಗಳ ನಕ್ಷೆಯೊಂದನ್ನು ನಾಲ್ವರು ವಿದ್ಯಾರ್ಥಿಗಳು ಸೇರಿ ಮಾಡಿದ್ದಾರೆ ಎಂದಿಟ್ಟುಕೊಳ್ಳೋಣ.

ಮೊದಲ ಹೆಜ್ಜೆ: ಅಂಕಗಳ ಹಂಚಿಕೆ ಸೆಮಿಸ್ಟರ್‌ನ ಆರಂಭದಲ್ಲೇ

ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಪ್ರಾಜೆಕ್ಟ್ ಶುರುವಾಗುವ ಮುನ್ನ ಬರೆದು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ನೂರಕ್ಕೆ ನಾನು ಅನುಸರಿಸುವ ಹಂಚಿಕೆ ಇದು: ಆಕರಗಳ ಬಳಕೆಗೆ 30, ಪ್ರಶ್ನೆ ಮತ್ತು ವಾದಕ್ಕೆ 25, ಕೆಲಸದ ದಿನಚರಿ ಮತ್ತು ಮೌಖಿಕ ಪರೀಕ್ಷೆಗೆ 20, ದತ್ತಾಂಶದ ಅಚ್ಚುಕಟ್ಟಿಗೆ 15, ನೋಟ ಮತ್ತು ಬಳಕೆಯ ಸುಲಭಕ್ಕೆ 10. ನೋಟಕ್ಕೆ ಹತ್ತೇ ಅಂಕವೇ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಒಮೆಕಾ ಅಥವಾ ಸ್ಟೋರಿಮ್ಯಾಪ್‌ನಂಥ ತಂತ್ರಾಂಶದಲ್ಲಿ ಚಂದದ ವಿನ್ಯಾಸ ಮೊದಲೇ ಸಿದ್ಧವಾಗಿರುತ್ತದೆ. ಅದನ್ನು ರೂಪಿಸಿದವರಿಗೆ ಸಲ್ಲಬೇಕಾದ ಅಂಕವನ್ನು ನಮ್ಮ ವಿದ್ಯಾರ್ಥಿಗೆ ಕೊಡುವುದರಲ್ಲಿ ಅರ್ಥವಿಲ್ಲ.

ಎರಡನೆಯ ಹೆಜ್ಜೆ: ನಡುವೆ ಒಮ್ಮೆ ನೋಡುವುದು

ಐದನೆಯ ಅಥವಾ ಆರನೆಯ ವಾರದಲ್ಲಿ ಹತ್ತು ನಮೂದುಗಳ ಕೋಷ್ಟಕವನ್ನು ಮಾತ್ರ ತರಿಸಿಕೊಂಡು ನೋಡಬೇಕು. ಇನ್ನೂರು ಸಾಲು ತುಂಬಿದ ಮೇಲೆ ತಪ್ಪು ತೋರಿಸಿದರೆ ತಿದ್ದುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಅಕ್ಷಾಂಶ ರೇಖಾಂಶಗಳು ಅದಲು ಬದಲಾಗಿದ್ದರೆ ಗೊತ್ತಾಗುವುದೂ ಆಗಲೇ. ಬೆಂಗಳೂರಿನ 12.97, 77.59 ಎಂಬ ಜೋಡಿಯನ್ನು ತಿರುಗಿಸಿ ಬರೆದರೆ ವೀರಗಲ್ಲು ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಹೋಗಿ ನಿಲ್ಲುತ್ತದೆ. ಇದಕ್ಕೆ ಅಂಕ ಕಳೆಯಬೇಕಾಗಿಲ್ಲ, ಎಲ್ಲರೂ ಸೇರಿ ಒಮ್ಮೆ ನಕ್ಕರೆ ಸಾಕು.

ಮೂರನೆಯ ಹೆಜ್ಜೆ: ಮೂರು ಚುಕ್ಕೆಗಳ ಪರೀಕ್ಷೆ

ಮೌಲ್ಯಮಾಪನದ ತಿರುಳು ಇದೇ. ಒಪ್ಪಿಸಿದ ನಕ್ಷೆಯಲ್ಲಿ ಮನಸ್ಸಿಗೆ ಬಂದ ಮೂರು ಚುಕ್ಕೆಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಕೊಟ್ಟಿರುವ ಆಕರವನ್ನು ಕಪಾಟಿನಿಂದ ತೆಗೆದು ತಾಳೆ ನೋಡಬೇಕು. ವೀರಗಲ್ಲಿನ ನಕ್ಷೆಗೆ ಮುಖ್ಯ ಆಕರ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆ. ಬಿ.ಎಲ್. ರೈಸ್ ಸಂಪಾದಿಸಿದ ಈ ಮಾಲೆಯ ಮೊದಲ ಸಂಪುಟ 1886ರಲ್ಲಿ ಬಂತು, ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ. ‘ಎಪಿಗ್ರಾಫಿಯಾ ಕರ್ನಾಟಿಕ’ ಎಂದಷ್ಟೇ ಬರೆದರೆ ಅದು ಉಲ್ಲೇಖವಲ್ಲ. ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಮೂರೂ ಬೇಕು. ಆ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆಯಾಗಿವೆ. ಅನುವಾದವನ್ನಷ್ಟೇ ಓದಿ ನಕ್ಷೆ ತುಂಬಿದವರು ಯಾರು, ಮೂಲಪಾಠದ ಜೊತೆ ಗುದ್ದಾಡಿದವರು ಯಾರು ಎಂಬುದು ಚುಕ್ಕೆಯ ಪಕ್ಕದ ನಾಲ್ಕು ಸಾಲಿನ ಟಿಪ್ಪಣಿಯಲ್ಲೇ ಕಾಣುತ್ತದೆ.

ಕಾಲದ ಅಂಕಣವನ್ನು ಇನ್ನೂ ನಿಧಾನವಾಗಿ ನೋಡಬೇಕು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು, ಕೋಷ್ಟಕದಲ್ಲಿ ಸೂತ್ರ ಹಾಕಿ ಇಡೀ ಅಂಕಣವನ್ನು ಕ್ಷಣದಲ್ಲಿ ತುಂಬಲೂಬಹುದು. ಆದರೆ ಶಕ 1100, ವಿಳಂಬಿ ಸಂವತ್ಸರ, ಮಾಘ ಮಾಸ ಎಂದು ಶಾಸನದಲ್ಲಿದ್ದರೆ ಆ ಮಾಘ ಬೀಳುವುದು 1179ರ ಆರಂಭದ ತಿಂಗಳುಗಳಲ್ಲಿ. ಸೂತ್ರ ಮಾತ್ರ 1178 ಎನ್ನುತ್ತದೆ. ಶಾಸನ ಹೇಳುವ ಸಂವತ್ಸರವೂ ಶಕ ವರ್ಷವೂ ಹೊಂದದೆ ಇರುವುದುಂಟು, ಆಗ ವಿದ್ಯಾರ್ಥಿ ಯಾವುದನ್ನು ನಂಬಿದ, ಏಕೆ ಎಂದು ಬರೆದಿರಬೇಕು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನಂಥ ಪ್ರಕರಣ ಬೇರೆಯೇ: ಗಂಗ ಶ್ರೀಪುರುಷನ ಕಾಲದ ಆ ಕಲ್ಲಿಗೆ ವಿದ್ವಾಂಸರು ಕೊಡುವ ಕಾಲ ಸುಮಾರು 750. ಕೋಷ್ಟಕದ ಚೌಕದಲ್ಲಿ ‘750’ ಎಂದು ಬರೆದ ಕೂಡಲೇ ‘ಸುಮಾರು’ ಎಂಬುದು ಮಾಯವಾಗಿ ಅಂದಾಜೇ ಇಸವಿಯಾಗಿಬಿಡುತ್ತದೆ. ಕಾಲಕ್ಕೆ ಒಂದರ ಬದಲು ‘ಇದಕ್ಕೆ ಮೊದಲಲ್ಲ’, ‘ಇದರ ನಂತರವಲ್ಲ’ ಎಂದು ಎರಡು ಅಂಕಣ ಮಾಡಿಕೊಂಡ ಗುಂಪಿಗೆ ನಾನು ಹಿಂದೆಮುಂದೆ ನೋಡದೆ ಹೆಚ್ಚು ಅಂಕ ಕೊಡುತ್ತೇನೆ, ಜಾಲತಾಣ ಎಷ್ಟೇ ಸಪ್ಪೆಯಾಗಿರಲಿ.

ಮೂರನೆಯ ತಾಳೆ ಸ್ಥಳದ್ದು. ರೈಸ್ ಅವರ ಕಾಲದಲ್ಲಿ ಕೆರೆಯ ಏರಿಯ ಮೇಲಿದ್ದ ಕಲ್ಲು ಇಂದು ದೇವಸ್ಥಾನದ ಅಂಗಳದಲ್ಲಿರಬಹುದು, ಕಟ್ಟಡದ ತಳಪಾಯ ಸೇರಿರಬಹುದು. ಚುಕ್ಕೆ ತೋರಿಸುವುದು ಹಳೆಯ ಜಾಗವನ್ನೋ ಈಗಿನ ಜಾಗವನ್ನೋ? ಗಂಗರ ಕಾಲದ ಕಾಳಗಗಳು ಎಲ್ಲಿ ನಡೆದವು ಎಂದು ವಾದ ಹೂಡುವ ನಕ್ಷೆ ಈಗಿನ ಜಾಗಗಳನ್ನೇ ಆಧರಿಸಿದ್ದರೆ ಆ ವಾದ ನಿಲ್ಲುವುದಿಲ್ಲ. ಕಲ್ಲು ಸಿಗಲಿಲ್ಲ ಎಂದು ಪ್ರಾಮಾಣಿಕವಾಗಿ ದಾಖಲಿಸಿದ ನಮೂದೂ ಕ್ಷೇತ್ರಕಾರ್ಯವೇ, ಅದಕ್ಕೂ ಅಂಕವಿದೆ.

ನಾಲ್ಕನೆಯ ಹೆಜ್ಜೆ: ವಾದ ಇದೆಯೇ?

ನಕ್ಷೆಯನ್ನು ಮುಚ್ಚಿ, ‘ಇದರಿಂದ ನನಗೆ ತಿಳಿದದ್ದೇನು?’ ಎಂದು ಒಂದು ವಾಕ್ಯ ಬರೆಯಲು ಪ್ರಯತ್ನಿಸಿ. ‘ಬೆಂಗಳೂರಿನಲ್ಲಿ ಅನೇಕ ವೀರಗಲ್ಲುಗಳಿವೆ’ ಎಂಬುದರಾಚೆಗೆ ಬರೆಯಲು ಏನೂ ಹೊಳೆಯದಿದ್ದರೆ ಅದು ಸಂಗ್ರಹ ಮಾತ್ರ. ಸಂಗ್ರಹಕ್ಕೂ ಬೆಲೆಯಿದೆ, ಪ್ರಶ್ನೆ ಮತ್ತು ವಾದದ 25 ಅಂಕ ಅದಕ್ಕೆ ಪೂರ್ತಿ ಸಲ್ಲದು. ತುರುಗೊಳ್ (ದನಗಳನ್ನು ಹೊಡೆದೊಯ್ಯುವ ಕಾಳಗದ) ವೀರಗಲ್ಲುಗಳು ಯಾವ ನಾಡಿನ ಗಡಿಯಲ್ಲಿ ಹೆಚ್ಚು, ಊರಳಿವಿನ (ಊರಿನ ಮೇಲೆ ದಾಳಿಯಾದಾಗ ಮಡಿದವರ) ಕಲ್ಲುಗಳು ಎಲ್ಲಿ ಹೆಚ್ಚು ಎಂದು ಕೇಳಿಕೊಂಡ ಗುಂಪಿನ ನಕ್ಷೆ ಏನನ್ನೋ ಹೇಳುತ್ತದೆ.

ಐದನೆಯ ಹೆಜ್ಜೆ: ಯಂತ್ರದ ಮುಂದೆ ನಾಲ್ಕು ಚಿಕ್ಕ ಪರೀಕ್ಷೆ

ಪುಟದಲ್ಲಿ ‘ವೀರಗಲ್ಲು’ ಎಂದು ಹುಡುಕಿ. ಕಣ್ಣೆದುರೇ ಇರುವ ಪದ ಸಿಗದಿದ್ದರೆ ಪಠ್ಯವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚಿಸಿಲ್ಲ, ಹಳೆಯ ಫಾಂಟಿನಿಂದ ತಂದು ಅಂಟಿಸಿದ್ದಾರೆ ಎಂದು ತಿಳಿಯಬಹುದು. ಶಾಸನದಲ್ಲಿ ಬರುವ ೞ, ಱ ಎಂಬ ಹಳಗನ್ನಡ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಜಾಗವಿದೆ. ಅವನ್ನು ಳ, ರ ಎಂದು ಬದಲಿಸಿದ್ದರೆ ಹಾಗೆ ಮಾಡಿದ್ದೇವೆ ಎಂದು ಹೇಳಿರಬೇಕು. ಮೊಬೈಲ್‌ನಲ್ಲಿ ತಾಣವನ್ನು ತೆರೆದು ನೋಡಿ. ಕೊನೆಯದಾಗಿ, ಚಿತ್ರಗಳು ಯಾರವು ಎಂದು ನೋಡಿ: ಬೆಂಗಳೂರಿನ ಶಾಸನಗಳನ್ನು ಇಲ್ಲಿನ ಸಂಶೋಧನ ಸಂಸ್ಥೆ ಮಿಥಿಕ್ ಸೊಸೈಟಿ ತ್ರೀ-ಡಿ ಸ್ಕ್ಯಾನ್ ಮಾಡಿಸುತ್ತ ಬಂದಿದೆ, ಅಲ್ಲಿಂದ ಚಿತ್ರವನ್ನೋ ಮಾದರಿಯನ್ನೋ ತೆಗೆದುಕೊಂಡವರು ಅದರ ಹೆಸರು ಹೇಳದೆ ಇದ್ದರೆ ಪ್ರಬಂಧದಲ್ಲಿ ಕೃತಿಚೌರ್ಯಕ್ಕೆ ಏನು ನಿಯಮವೋ ಇಲ್ಲಿಯೂ ಅದೇ.

ಇಲ್ಲಿ ಇನ್ನೊಂದು ಮಾತು. ಕಾವಲಿಲ್ಲದ ಹೊಲದ ನಡುವಿನ ಕಲ್ಲಿನ ನಿಖರ ಸ್ಥಾನವನ್ನು ಲೋಕಕ್ಕೆಲ್ಲ ಕಾಣುವಂತೆ ಹಾಕುವುದು ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ನಿಧಿಯಾಸೆಗೆ ಗುಡಿ, ಕಲ್ಲುಗಳ ಬುಡ ಅಗೆಯುವ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಸಾರ್ವಜನಿಕ ನಕ್ಷೆಯಲ್ಲಿ ಊರಿನ ಮಟ್ಟಕ್ಕೆ ನಿಲ್ಲಿಸಿ, ನಿಖರ ಸ್ಥಾನವನ್ನು ವಿಭಾಗದ ಪ್ರತಿಯಲ್ಲಿ ಮಾತ್ರ ಇಟ್ಟ ವಿದ್ಯಾರ್ಥಿಯ ವಿವೇಕವನ್ನು ಗುರುತಿಸಬೇಕು.

ಆರನೆಯ ಹೆಜ್ಜೆ: ಯಾರು ಏನು ಮಾಡಿದರು?

ನಾಲ್ವರ ಗುಂಪಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇರುವುದು ಒಬ್ಬರ ಬಳಿ. ತೆರೆಯ ಮೇಲಿನ ಕೆಲಸವೆಲ್ಲ ಅವರದೇ ಎನ್ನಿಸಿಬಿಡುತ್ತದೆ. ಬಸ್ಸಿಳಿದು ಮೂರು ಕಿಲೋಮೀಟರ್ ನಡೆದು, ಕಲ್ಲಿನ ಮೇಲಿನ ಸುಣ್ಣ, ಎಣ್ಣೆ ಕಂಡು ಊರ ಹಿರಿಯರ ಅನುಮತಿ ಕೇಳಿ, ಇಳಿಬಿಸಿಲಿನ ಓರೆ ಬೆಳಕಿಗೆ ಕಾದು ಫೋಟೊ ತೆಗೆದವರ ಶ್ರಮ ತೆರೆಯ ಮೇಲೆ ಕಾಣದು. ಅದಕ್ಕಾಗಿಯೇ ಪ್ರತಿಯೊಬ್ಬರೂ ವಾರಕ್ಕೊಂದು ಪ್ಯಾರಾದಂತೆ ಬರೆದ ದಿನಚರಿ ಬೇಕು. ಮೌಖಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರನ್ನೂ ಒಂದು ಚುಕ್ಕೆಯ ಮುಂದೆ ಕೂರಿಸಿ ‘ಈ ಓದು ಎಲ್ಲಿಂದ ಬಂತಮ್ಮ?’ ಎಂದು ಕೇಳಿದರೆ ಐದು ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ. ಚಾಟ್‌ಜಿಪಿಟಿಯಿಂದ ಬರೆಸಿದ ವಿವರಣೆಗಳು ಬೀಳುವುದೂ ಇಲ್ಲೇ. ನಾನು ಅದರ ಬಳಕೆಯನ್ನು ನಿಷೇಧಿಸುವುದಿಲ್ಲ. ಎಲ್ಲಿ ಬಳಸಿದರು, ಅದು ಹೇಳಿದ್ದನ್ನು ಯಾವ ಸಂಪುಟದೊಡನೆ ತಾಳೆ ನೋಡಿದರು ಎಂದು ದಿನಚರಿಯಲ್ಲಿ ಇರಬೇಕು ಎನ್ನುತ್ತೇನೆ.

ಕೊನೆಯ ಹೆಜ್ಜೆ: ಪ್ರತಿ ತೆಗೆದಿಡುವುದು

ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ 2015ರಲ್ಲಿ ಒಪ್ಪಿದ ಮಾರ್ಗಸೂಚಿಯು ಡಿಜಿಟಲ್ ಕೆಲಸವನ್ನು ಮುದ್ರಿಸಿಕೊಂಡು ನೋಡದೆ ಅದರ ಡಿಜಿಟಲ್ ರೂಪದಲ್ಲೇ ಅಳೆಯಬೇಕು ಎನ್ನುತ್ತದೆ. ಸರಿಯಾದ ಮಾತು, ಆದರೆ ಬಾಹ್ಯ ಪರೀಕ್ಷಕರು ಬಂದ ದಿನವೇ ವಿಭಾಗದ ಇಂಟರ್ನೆಟ್ ಕೈಕೊಡುವುದು ನಮ್ಮ ಅನುಭವ. ಆದ್ದರಿಂದ ಒಪ್ಪಿಸುವ ದಿನವೇ ದತ್ತಾಂಶವನ್ನು ಸಿಎಸ್‌ವಿ (ಸರಳ ಪಠ್ಯರೂಪದ ಕೋಷ್ಟಕ) ಕಡತವಾಗಿ, ಚಿತ್ರಗಳನ್ನು ಹೆಸರಿಟ್ಟ ಫೋಲ್ಡರ್‌ನಲ್ಲಿ, ತಾಣದ ಬಳಕೆಯನ್ನು ಹತ್ತು ನಿಮಿಷದ ತೆರೆಮುದ್ರಣವಾಗಿ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಳ್ಳಬೇಕು. ಅಂಕಪಟ್ಟಿಯ ಜೊತೆ, ತಾಳೆ ನೋಡಿದ ಆ ಮೂರು ಚುಕ್ಕೆಗಳ ಸಂಖ್ಯೆಯನ್ನೂ ಅಲ್ಲಿ ಕಂಡದ್ದನ್ನೂ ಅರ್ಧ ಪುಟದಲ್ಲಿ ಬರೆದು ಸಹಿ ಹಾಕಿಡಿ. ಮರುಮೌಲ್ಯಮಾಪನಕ್ಕೆ ಅರ್ಜಿ ಬಂದರೆ ಎರಡನೆಯ ಪರೀಕ್ಷಕರು ಅಲ್ಲಿಂದಲೇ ಶುರು ಮಾಡಬಹುದು.